ಅಪ್ಪನ ಸಮಾಧಿಗೆ 15 ವರ್ಷ ತುಂಬಿತು, ಮುಂದೇನು?

ಪ್ರಶ್ನೆ: ನಮ್ಮದು ಗದಗ ಕಡೆಯ ಲಿಂಗಾಯತ ಮನೆತನ. ನಾನು ಇಪ್ಪತ್ತು ವರ್ಷಗಳಿಂದ ಸಿಂಗಾಪುರದಲ್ಲಿದ್ದೇನೆ. ನಿವೃತ್ತಿಯ ನಂತರ ಅಪ್ಪ, ಅವ್ವ ಇಬ್ಬರೂ ನಮ್ಮ ಜೊತೆ ಇಲ್ಲೇ ಇದ್ದರು. 2009ರಲ್ಲಿ ಅಪ್ಪ ತೀರಿಕೊಂಡಾಗ ಚೋವಾ ಚೂ ಕಾಂಗ್ ಸ್ಮಶಾನದ ಹಿಂದೂ ಭಾಗದಲ್ಲಿ ಹೂಳಿದೆವು. ಕೂರಿಸಿ ಹೂಳಲು ಆಗಲಿಲ್ಲ, ಪೆಟ್ಟಿಗೆಯಲ್ಲಿ ಮಲಗಿಸಿದೆವು. ಎಡಗೈಯಲ್ಲಿ ಇಷ್ಟಲಿಂಗ ಇಟ್ಟಿದ್ದೆವು. ಮೇಲೆ ಕಪ್ಪು ಗ್ರಾನೈಟಿನ ಸಣ್ಣ ಫಲಕ, ಅದರಲ್ಲಿ ಕನ್ನಡದಲ್ಲಿ ಹೆಸರು ಇದೆ. ಈಗ ಅವಧಿ ಮುಗಿದಿದೆ, ಗೋರಿ ತೆಗೆಯುತ್ತೇವೆ ಎಂದು ಸೂಚನೆ ಬಂದಿದೆ. ಮೂಳೆಗಳನ್ನು ಸುಡುತ್ತಾರಂತೆ. ಊರಲ್ಲಿ ದೊಡ್ಡಪ್ಪ 'ಹೂತವರನ್ನು ಎಬ್ಬಿಸಿದರೆ ಮನೆಗೆ ಒಳ್ಳೇದಲ್ಲ' ಎನ್ನುತ್ತಿದ್ದಾರೆ. ಇಲ್ಲಿ ಸಹೋದ್ಯೋಗಿಯೊಬ್ಬರು 'ಯಾರೂ ಹೋಗದಿದ್ದರೆ ಕಸದ ದ್ವೀಪಕ್ಕೆ ಹಾಕುತ್ತಾರೆ' ಎಂದರು. ಎಂಬತ್ತು ದಾಟಿದ ಅವ್ವ ಈಗ ಊರಲ್ಲಿದ್ದಾರೆ, ಅವರಿಗೆ ಇನ್ನೂ ಹೇಳಿಲ್ಲ. ಬುಕಿಟ್ ಬ್ರೌನ್ ಸ್ಮಶಾನ ಉಳಿಸಲು ಜನ ಓಡಾಡಿದರಲ್ಲ, ಹಾಗೆ ಕನ್ನಡ ಅಕ್ಷರ ಇರುವ ಅಪ್ಪನ ಗೋರಿಯನ್ನು ಪರಂಪರೆ ಎಂದು ಉಳಿಸಿಕೊಳ್ಳಲು ದಾರಿ ಇಲ್ಲವೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಗಂಟು ಹಾಕಿಕೊಂಡಿವೆ. ಅಪ್ಪನ ದೇಹ ಏನಾಗುತ್ತದೆ ಎನ್ನುವುದು ಒಂದು. ಅವರ ಹೆಸರಿನ ಕಲ್ಲು ಏನಾಗುತ್ತದೆ ಎನ್ನುವುದು ಇನ್ನೊಂದು. ಅವ್ವನಿಗೆ ಏನು ಹೇಳುವುದು ಎನ್ನುವುದು ಮೂರನೆಯದು. ಮೂರನ್ನೂ ಒಟ್ಟಿಗೆ ಹೊತ್ತುಕೊಂಡರೆ ಭಾರ ಜಾಸ್ತಿ. ಬಿಡಿಸಿ ನೋಡೋಣ.

ಸಿಂಗಾಪುರದ ಹಳೆಯ ಸ್ಮಶಾನಗಳ ಕಲ್ಲುಗಳನ್ನು ಓದಿ, ಅಳೆದು, ದಾಖಲಿಸುವುದು ನನ್ನ ಕೆಲಸ. ಗೋರಿ ತೆಗೆಯುವ ದಿನ ಎಷ್ಟೋ ಮನೆಯವರ ಪಕ್ಕದಲ್ಲಿ ನಿಂತಿದ್ದೇನೆ. ನಾನು ಸ್ವಾಮಿಗಳೂ ಅಲ್ಲ, ವಕೀಲನೂ ಅಲ್ಲ. ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಮೊದಲು ಆ ಕಸದ ದ್ವೀಪದ ಮಾತು. ಅದು ಸುಳ್ಳು, ಆದರೆ ಎಲ್ಲಿಂದ ಹುಟ್ಟಿತು ಎಂದು ನನಗೆ ಗೊತ್ತು. ಸಿಂಗಾಪುರದ ಕಸ ಸುಟ್ಟ ಬೂದಿ ಹೋಗುವುದು ಸೆಮಕಾವ್ ದ್ವೀಪಕ್ಕೆ. ಸತ್ತವರ ಬೂದಿಯನ್ನು ಸಮುದ್ರದಲ್ಲಿ ಬಿಡಲು ಗೊತ್ತು ಮಾಡಿರುವ ಜಾಗ ಅದೇ ದ್ವೀಪದ ದಕ್ಷಿಣಕ್ಕೆ, ಸುಮಾರು 2.8 ಕಿ.ಮೀ. ದೂರದ ನೀರಿನಲ್ಲಿದೆ. ಎರಡು ಕಡೆಯೂ ಸೆಮಕಾವ್ ಎಂಬ ಹೆಸರು ಬಂತು, ಬಾಯಿಂದ ಬಾಯಿಗೆ ಹೋಗುವಾಗ ಎರಡೂ ಒಂದೇ ಆಯಿತು. ಯಾರೂ ಹೋಗದಿದ್ದರೆ ಆಗುವುದು ಇಷ್ಟು: ಅವಶೇಷವನ್ನು ಎತ್ತಿ ಸುಡುತ್ತಾರೆ, ಬೂದಿಯನ್ನು ಹೆಸರು ಬರೆದು ಕೆಲವು ಕಾಲ ಇಡುತ್ತಾರೆ, ಆಮೇಲೂ ಯಾರೂ ಕೇಳದಿದ್ದರೆ ಸಮುದ್ರಕ್ಕೆ ಬಿಡುತ್ತಾರೆ. ಬುಕಿಟ್ ಬ್ರೌನ್‌ನಲ್ಲಿ ವಾರಸುದಾರರಿಲ್ಲದ ಗೋರಿಗಳಿಗೆ ಹೀಗೇ ಮಾಡಿದರು. ಕಸ ಅಲ್ಲ. ಆದರೆ ವಾಪಸ್ ಬರುವುದೂ ಇಲ್ಲ. ಆದ್ದರಿಂದ ಸೂಚನೆಯಲ್ಲಿರುವ ಕೊನೆಯ ದಿನಾಂಕವನ್ನು ದಾಟಿಸಬೇಡಿ. ಬಾಕಿ ಏನೇ ನಿರ್ಧಾರ ಮಾಡದಿದ್ದರೂ 'ಇವರು ನಮ್ಮವರು' ಎಂದು ಹೆಸರು ನೋಂದಾಯಿಸುವ ಕೆಲಸವನ್ನು ಈ ವಾರವೇ ಮುಗಿಸಿ. ಉಳಿದದ್ದನ್ನು ನಿಧಾನವಾಗಿ ಯೋಚಿಸಬಹುದು.

ಇನ್ನು ಈ 15 ವರ್ಷದ ಲೆಕ್ಕ. ಇದು ನಿಮ್ಮೊಬ್ಬರ ಮೇಲೆ ಬಂದದ್ದಲ್ಲ. ಸಿಂಗಾಪುರದಲ್ಲಿ ಈಗಲೂ ಹೂಳಲು ಜಾಗ ಕೊಡುವ ಸ್ಮಶಾನ ಚೋವಾ ಚೂ ಕಾಂಗ್ ಒಂದೇ. ಚೀನೀಯರು, ಮುಸ್ಲಿಮರು, ಕ್ರೈಸ್ತರು, ಹಿಂದೂಗಳು, ಯಹೂದಿಗಳು, ಪಾರ್ಸಿಗಳು, ಬಹಾಯಿಗಳು ಎಲ್ಲರೂ ಅಲ್ಲಿಗೇ ಬರಬೇಕು. 1998ರಲ್ಲಿ ಸರ್ಕಾರ ಹೂಳುವ ಅವಧಿಯನ್ನು 15 ವರ್ಷಕ್ಕೆ ಮಿತಿ ಮಾಡಿತು. ಅವಧಿ ಮುಗಿದ ಗೋರಿಗಳನ್ನು ಹಂತ ಹಂತವಾಗಿ ತೆಗೆಯುತ್ತಾರೆ. ಧರ್ಮ ಸುಡುವುದನ್ನು ಒಪ್ಪುವವರ ಅವಶೇಷವನ್ನು ಸುಡುತ್ತಾರೆ. ಮುಸ್ಲಿಮರು, ಯಹೂದಿಗಳಂತೆ ಸುಡುವುದನ್ನು ಒಪ್ಪದವರನ್ನು ಚಿಕ್ಕ ಜಾಗದಲ್ಲಿ ಮತ್ತೆ ಹೂಳುತ್ತಾರೆ. 2007ರಿಂದ ಕಾಂಕ್ರೀಟಿನ ಗುಂಡಿಗಳನ್ನು ಒಂದಕ್ಕೊಂದು ಅಂಟಿಸಿದಂತೆ ಜೋಡಿಸುವ ಪದ್ಧತಿಯೂ ಬಂದಿದೆ. ಅದೂ ಜಾಗ ಉಳಿಸಲು.

ಯಾಕಿಷ್ಟು ಬಿಗಿ? ಇಡೀ ದೇಶವೇ ಹೆಚ್ಚು ಕಡಿಮೆ ಬೆಂಗಳೂರು ನಗರದಷ್ಟಿದೆ. 1965ರಲ್ಲಿ ಸುಮಾರು 580 ಚದರ ಕಿ.ಮೀ. ಇದ್ದದ್ದು, ಸಮುದ್ರಕ್ಕೆ ಮಣ್ಣು ತುಂಬಿ ತುಂಬಿ ಈಗ 730 ದಾಟಿದೆ. ಅಷ್ಟರಲ್ಲೇ ಸುಮಾರು 60 ಲಕ್ಷ ಜನ, ಕುಡಿಯುವ ನೀರಿನ ಕೆರೆಗಳು, ಸೈನ್ಯದ ತಾಣಗಳು, ಬಂದರು, ವಿಮಾನ ನಿಲ್ದಾಣ ಎಲ್ಲ ಆಗಬೇಕು. ಒಂದು ಗೋರಿಗೆ ಓಡಾಡುವ ದಾರಿ ಸೇರಿ 5 ಚದರ ಮೀಟರ್ ಹಿಡಿಯಿರಿ. ಒಂದು ಲಕ್ಷ ಗೋರಿಗೆ 50 ಹೆಕ್ಟೇರ್, ಅಂದರೆ 120 ಎಕರೆಗೂ ಮೇಲೆ ಬೇಕು. ಊರಲ್ಲಿ ಹೊಲದ ಮೂಲೆಯಲ್ಲಿ ಅಜ್ಜನ ಸಮಾಧಿ ನೋಡಿ ಬೆಳೆದವರಿಗೆ ಈ ಲೆಕ್ಕ ಒರಟು ಎನಿಸುತ್ತದೆ. ನನಗೂ ಎನಿಸುತ್ತಿತ್ತು. ಜಾಗದ ಕೊರತೆ ನಿಜ. ಆದರೆ ಇರುವ ಜಾಗವನ್ನು ಯಾರಿಗೆ ಕೊಡಬೇಕು ಎನ್ನುವುದು ಆಯ್ಕೆಯ ಮಾತು. ಸ್ಮಶಾನಗಳು ಹೋಗುತ್ತಿದ್ದಾಗ ಗಾಲ್ಫ್ ಮೈದಾನಗಳು ನೂರಾರು ಹೆಕ್ಟೇರಿನಲ್ಲಿ ಹಾಯಾಗಿ ಇದ್ದವು ಎಂದು ಇಲ್ಲಿನವರೇ ಕೇಳಿದ್ದಾರೆ. ಈಚೆಗೆ ಕೆಲವು ಗಾಲ್ಫ್ ಕ್ಲಬ್ಬುಗಳ ನೆಲವನ್ನೂ ವಾಪಸ್ ಪಡೆದಿದ್ದಾರೆ ಎನ್ನುವುದನ್ನೂ ಹೇಳಬೇಕು.

ಹಾಗೆಂದು ಸಿಂಗಾಪುರ ಒಂದೇ ಹೀಗೆ ಅಂದುಕೊಳ್ಳಬೇಡಿ. ಹಾಂಕಾಂಗಿನ ಸಾರ್ವಜನಿಕ ಸ್ಮಶಾನಗಳಲ್ಲಿ ಆರೇ ವರ್ಷ. ಗ್ರೀಸಿನ ಅಥೆನ್ಸ್‌ನಲ್ಲಿ ಸಾಮಾನ್ಯವಾಗಿ ಮೂರು ವರ್ಷಕ್ಕೆ ಮೂಳೆ ಎತ್ತುತ್ತಾರೆ.

'ಹೂತವರನ್ನು ಎಬ್ಬಿಸುವುದು' ಎಂಬ ದೊಡ್ಡಪ್ಪನ ಮಾತಿಗೆ ಬರೋಣ. ದಕ್ಷಿಣ ಚೀನಾದ ಎಷ್ಟೋ ಕಡೆ ಇದು ಕೇಡಲ್ಲ, ಕರ್ತವ್ಯ. ಹೂತ ಕೆಲವು ವರ್ಷಕ್ಕೆ ಮೂಳೆ ಎತ್ತಿ, ತೊಳೆದು, ಮಡಕೆಯಲ್ಲಿ ಜೋಡಿಸಿ, ಒಳ್ಳೆಯ ಜಾಗ ನೋಡಿ ಎರಡನೇ ಸಲ ಹೂಳುತ್ತಿದ್ದರು. ಆ ರೂಢಿಯ ನೆರಳು ಇಲ್ಲಿನ ಚೀನೀ ಕುಟುಂಬಗಳಲ್ಲಿ ಈಗಲೂ ಇದೆ. ಮೂಳೆಗೆ ಬಿಸಿಲು ತಾಗಬಾರದು ಎಂದು ಕೊಡೆ ಹಿಡಿಯುತ್ತಾರೆ. ಒಮ್ಮೆ ಒಬ್ಬ ಅಜ್ಜಿ ಗುಂಡಿಯ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಗಂಡನಿಗೆ ಅರ್ಧ ಗಂಟೆ ಏನೋ ಹೇಳುತ್ತಲೇ ಇದ್ದರು. ಮಗಳನ್ನು ಕೇಳಿದೆ. 'ಮನೆ ಬದಲಾಯಿಸುತ್ತಿದ್ದೇವೆ, ಗಾಬರಿಯಾಗಬೇಡ, ಹೊಸ ಮನೆಯಲ್ಲಿ ಲಿಫ್ಟ್ ಇದೆ ಅಂತಿದ್ದಾರೆ' ಎಂದಳು.

ಆದರೆ ಅದು ಅವರ ರೂಢಿ. ನಿಮ್ಮದರಲ್ಲಿ ಇದಕ್ಕೆ ಜಾಗ ಇದೆಯೇ? ಲಿಂಗಾಯತ ಪದ್ಧತಿಯ ಬಗ್ಗೆ ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ನನಗೆ ಕಾಣುವ ಎರಡು ಮಾತು ಮಾತ್ರ ಹೇಳುತ್ತೇನೆ. ನಿಮ್ಮಲ್ಲಿ ಸಾವಿಗೆ ಸೂತಕ ಹಿಡಿಯುವುದಿಲ್ಲ. ಹಾಗಿದ್ದಮೇಲೆ ಸಮಾಧಿಯ ಮಣ್ಣು ಸರಿಸಿದರೆ ಮನೆಗೆ ಏನೋ ಅಂಟುತ್ತದೆ ಎಂಬ ಭಯ ಎಲ್ಲಿಂದ ಬಂತು? ಅಕ್ಕಪಕ್ಕದವರ ನಂಬಿಕೆಯಿಂದ ಸುಮ್ನೆ ಒಳಗೆ ಬಂದದ್ದು ಇರಬೇಕು. ಎರಡನೆಯದು, ಸತ್ತವರನ್ನು ನೀವು ಲಿಂಗೈಕ್ಯರಾದರು ಎನ್ನುತ್ತೀರಿ. ಐಕ್ಯ ಆದದ್ದು 2009ರಲ್ಲಿ. ಈಗ ತೆಗೆಯುತ್ತಿರುವುದು ಆ ಐಕ್ಯವನ್ನಲ್ಲ. ಇದನ್ನು ನನ್ನ ಬಾಯಿಂದ ಕೇಳಿದರೆ ದೊಡ್ಡಪ್ಪ ಒಪ್ಪಲಿಕ್ಕಿಲ್ಲ. ನಿಮ್ಮ ಮನೆತನ ನಡೆದುಕೊಳ್ಳುವ ಮಠದ ಸ್ವಾಮಿಗಳಿಂದ ಹೇಳಿಸಿ. ದೊಡ್ಡಪ್ಪನಿಗೆ ಫೋನು ಮಾಡಿ ವಾದ ಮಾಡುವುದಕ್ಕಿಂತ, ಅವರನ್ನೇ ಮಠಕ್ಕೆ ಕಳಿಸಿ ಕೇಳಿಕೊಂಡು ಬರಲು ಹೇಳುವುದು ಜಾಣತನ.

ಮಣ್ಣಿನ ಕೆಳಗೆ ಏನು ಉಳಿದಿರುತ್ತದೆ ಎನ್ನುವುದನ್ನು ಯಾರೂ ಮೊದಲೇ ಹೇಳುವುದಿಲ್ಲ. ಆ ದಿನ ಅದನ್ನು ಕಂಡಾಗಲೇ ಜನ ಕುಸಿಯುತ್ತಾರೆ. ಆದ್ದರಿಂದ ಹೇಳಿಬಿಡುತ್ತೇನೆ. ಇಲ್ಲಿ ವರ್ಷಕ್ಕೆ 2,000 ಮಿ.ಮೀ.ಗಿಂತ ಜಾಸ್ತಿ ಮಳೆ. ವರ್ಷವಿಡೀ ಸೆಕೆ. ಮಣ್ಣಿನಲ್ಲಿ ಹುಳಿ ಅಂಶ ಹೆಚ್ಚು. ಮೂಳೆಯನ್ನು ಗಟ್ಟಿ ಮಾಡುವ ಸುಣ್ಣದ ಅಂಶವನ್ನು ಹುಳಿ ನೀರು ಕರಗಿಸಿಬಿಡುತ್ತದೆ. ಪೆಟ್ಟಿಗೆಯ ಮುಚ್ಚಳ ಕೆಲವೇ ವರ್ಷಗಳಲ್ಲಿ ಕುಸಿದಿರುತ್ತದೆ. ನೀವು ಸಿನಿಮಾದಲ್ಲಿ ನೋಡಿದಂಥ ಪೂರ್ತಿ ಅಸ್ಥಿಪಂಜರ ಸಿಗುವುದು ಅಪರೂಪ. ತಲೆಬುರುಡೆ, ತೊಡೆಯ ಮೂಳೆ, ಹಲ್ಲು ಸಿಗಬಹುದು. ಕೆಲವು ಸಲ ಕಪ್ಪಗಾದ ಮಣ್ಣು, ಬಟ್ಟೆಯ ಚೂರು ಅಷ್ಟೇ. ಇದಕ್ಕೆ ಉಲ್ಟಾ ಆಗುವುದೂ ಇದೆ. ನೀರು ನಿಂತು, ಗಾಳಿ ಆಡದ ಗುಂಡಿಯಲ್ಲಿ ದೇಹದ ಕೊಬ್ಬು ಮೇಣದಂತೆ ಗಟ್ಟಿಯಾಗಿ, ದೇಹ ನಿರೀಕ್ಷೆಗಿಂತ ಹೆಚ್ಚು ಉಳಿದಿರುತ್ತದೆ. ಪಾಪ ಮಾಡಿದವರ ದೇಹ ಕರಗುವುದಿಲ್ಲ ಎಂದು ಯಾರಾದರೂ ಪಿಸುಗುಟ್ಟಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅದು ನೀರಿನ ಕೆಲಸ, ಪಾಪದ್ದಲ್ಲ. ಒಬ್ಬರು ಮುಂದೆ ನಿಂತು ನೋಡಿದರೆ ಸಾಕು. ಮಕ್ಕಳನ್ನು ಕರೆದುಕೊಂಡು ಹೋಗಲೇಬೇಕು ಎಂದೇನಿಲ್ಲ. ಹೋದರೂ ಅವರನ್ನು ಹತ್ತು ಹೆಜ್ಜೆ ಹಿಂದೆ ನಿಲ್ಲಿಸಿ.

ಇಷ್ಟಲಿಂಗದ ವಿಷಯವನ್ನು ಮರೆಯಬೇಡಿ. ಇದು ನಿಮ್ಮ ಪ್ರಶ್ನೆಯಲ್ಲಿ ಹಾದುಹೋಗುವಂತೆ ಬಂದಿದೆ, ನನಗೆ ಮಾತ್ರ ಇದೇ ದೊಡ್ಡದಾಗಿ ಕಾಣುತ್ತದೆ. ಮೂಳೆ ಕರಗಿದರೂ ಅದು ಅಲ್ಲೇ ಇರುತ್ತದೆ. ಅಗೆಯುವವರಿಗೆ ಅದರ ಪರಿಚಯ ಇರುವುದಿಲ್ಲ. ಅಡಿಕೆ ಗಾತ್ರದ ಕಪ್ಪು ಉಂಡೆ ಅವರ ಕಣ್ಣಿಗೆ ಬರೀ ಕಲ್ಲು, ಮಣ್ಣಿನ ಜೊತೆ ಪಕ್ಕಕ್ಕೆ ಹೋಗಿಬಿಡುತ್ತದೆ. ಮುಂಚೆಯೇ ಹೇಳಿ, ಸಾಧ್ಯವಾದರೆ ಮನೆಯಲ್ಲಿರುವ ಒಂದು ಇಷ್ಟಲಿಂಗದ ಫೋಟೊ ಫೋನಿನಲ್ಲಿ ತೋರಿಸಿ. ಎಡಗೈ ಇದ್ದ ಕಡೆ, ಎದೆಯ ಮಟ್ಟದಲ್ಲಿ ಕೈಯಿಂದಲೇ ಮಣ್ಣು ತೆಗೆಯಲು ಕೇಳಿಕೊಳ್ಳಿ. ನಾನು ಕಂಡ ಮಟ್ಟಿಗೆ ಈ ಕೆಲಸಗಾರರು ಸಮಾಧಾನದವರು. ಮೊದಲೇ ಹೇಳಿದರೆ ಹುಡುಕಿ ಕೊಡುತ್ತಾರೆ, ಗುಂಡಿ ಮುಚ್ಚಿದ ಮೇಲೆ ಹೇಳಿದರೆ ಯಾರೇನು ಮಾಡಲು ಆಗುತ್ತದೆ? ಸಿಕ್ಕ ಲಿಂಗವನ್ನು ಮೂಳೆಯ ಜೊತೆ ಸುಡಲು ಕಳಿಸಬೇಡಿ. ಬೇರೆ ವಸ್ತ್ರದಲ್ಲಿ ಇಟ್ಟುಕೊಳ್ಳಿ. ಅದನ್ನು ಮತ್ತೆ ಮಣ್ಣಿಗೆ ಕೊಡಬೇಕೋ, ಹೊಳೆಗೆ ಬಿಡಬೇಕೋ ಎಂಬುದನ್ನು ಸ್ವಾಮಿಗಳು ಹೇಳಲಿ.

ಈಗ ನಿಮ್ಮ ಮುಂದಿರುವ ದಾರಿಗಳು. ಎಲ್ಲದರಲ್ಲೂ ಒಂದೊಂದು ತೊಡಕು ಇದೆ.

ಜಾಸ್ತಿ ಜನ ಹಿಡಿಯುವ ದಾರಿ ಸುಟ್ಟು, ಬೂದಿಯನ್ನು ಗೂಡಿನಲ್ಲಿ ಇಡುವುದು. ಮಂಡಾಯ್, ಈಶೂನ್, ಚೋವಾ ಚೂ ಕಾಂಗ್‌ನಲ್ಲಿ ಸರ್ಕಾರದ ಬೂದಿಗೂಡುಗಳ ಕಟ್ಟಡಗಳಿವೆ. ಗೋಡೆ ತುಂಬ ಸಣ್ಣ ಸಣ್ಣ ಗೂಡು, ಪ್ರತಿಯೊಂದಕ್ಕೂ ಹೆಸರಿನ ಫಲಕ. ಅವ್ವ ಬಂದಾಗ ಹೋಗಿ ಕೈಮುಗಿಯಲು ಒಂದು ಜಾಗ ಇರುತ್ತದೆ. ಆದರೆ ಅದು ಶಾಶ್ವತ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೌಂಟ್ ವರ್ನನ್‌ನ ಬೂದಿಗೂಡು 2018ರಲ್ಲಿ ಮುಚ್ಚಿತು, ಅಲ್ಲಿದ್ದವರೆಲ್ಲ ಮತ್ತೆ ಜಾಗ ಬದಲಾಯಿಸಬೇಕಾಯಿತು. ಗೋರಿಯಿಂದ ಗೂಡಿಗೆ, ಗೂಡಿನಿಂದ ಇನ್ನೊಂದು ಗೂಡಿಗೆ.

ಎರಡನೆಯದು, ನಮ್ಮ ಧರ್ಮದಲ್ಲಿ ಸುಡುವುದಿಲ್ಲ, ಮತ್ತೆ ಹೂಳಲು ಬಿಡಿ ಎಂದು ಕೇಳುವುದು. ಸ್ಮಶಾನ ನೋಡಿಕೊಳ್ಳುವುದು ರಾಷ್ಟ್ರೀಯ ಪರಿಸರ ಸಂಸ್ಥೆ. ನಿಯಮದಲ್ಲಿ ಧರ್ಮದ ಅಗತ್ಯ ನೋಡಿ ಎಂದೇ ಇದೆ. ನಿಮ್ಮ ತೊಡಕು ಏನೆಂದರೆ ಅಪ್ಪ ಹಿಂದೂ ಭಾಗದಲ್ಲಿದ್ದಾರೆ. ಹಿಂದೂಗಳು ಸುಡುತ್ತಾರೆ ಎಂದೇ ಲೆಕ್ಕ. ಲಿಂಗಾಯತರು ಹೂಳುತ್ತಾರೆ ಎಂಬುದು ಇಲ್ಲಿನ ಗುಮಾಸ್ತರಿಗೆ ಗೊತ್ತಿರಬೇಕು ಎಂದು ನಿರೀಕ್ಷಿಸುವುದು ಕಷ್ಟ ಅಲ್ವಾ? ಮಠದಿಂದ ಇಂಗ್ಲಿಷಿನಲ್ಲಿ ಒಂದು ಪತ್ರ ತರಿಸಿ, ದಿನಾಂಕದ ಒಳಗೆ ಕೊಡಿ. ಒಪ್ಪಿಯೇ ಒಪ್ಪುತ್ತಾರೆ ಎಂದು ನಾನು ಭರವಸೆ ಕೊಡುವುದಿಲ್ಲ. ಒಪ್ಪಿದರೂ ಮತ್ತೆ ಹೂಳುವುದು ಇದೇ ಸ್ಮಶಾನದಲ್ಲೇ. 2017ರಲ್ಲಿ ತೆಂಗಾ ವಾಯುನೆಲೆ ದೊಡ್ಡದು ಮಾಡಲು ಇದೇ ಚೋವಾ ಚೂ ಕಾಂಗ್‌ನ 80,500 ಗೋರಿಗಳನ್ನು ತೆಗೆಯುತ್ತೇವೆ ಎಂದು ಪ್ರಕಟಿಸಿದರು. ಅದರಲ್ಲಿ 35,000 ಮುಸ್ಲಿಮರವು. ಮತ್ತೆ ಹೂಳಿದರೆ ಅಪ್ಪ ಇನ್ನು ಅಲ್ಲಾಡುವುದಿಲ್ಲ ಎನ್ನುವ ಸಮಾಧಾನ ಈ ನೆಲದಲ್ಲಿ ಯಾರಿಗೂ ಇಲ್ಲ.

ಮೂಳೆಯನ್ನೇ ಊರಿಗೆ ಒಯ್ದು ಹೂಳುವುದು ಮೂರನೆಯದು. ಕೇಳಲು ಬಹಳ ಸರಿ ಎನಿಸುತ್ತದೆ. ಮಾಡಿದವರು ಸುಸ್ತಾದದ್ದನ್ನು ನೋಡಿದ್ದೇನೆ. ತೆಗೆಯಲು ಪರವಾನಗಿ, ದೇಶದಿಂದ ಹೊರಗೆ ಒಯ್ಯಲು ಪರವಾನಗಿ, ವಿಮಾನ ಕಂಪನಿಯ ಒಪ್ಪಿಗೆ, ಭಾರತದ ಕಡೆಯ ಆರೋಗ್ಯ ಮತ್ತು ಕಸ್ಟಮ್ಸ್ ಕಾಗದ, ಇಷ್ಟೂ ಒಂದಕ್ಕೊಂದು ಹೊಂದಬೇಕು. ಮರಣ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರಿನ ಇನಿಶಿಯಲ್ ಒಂದು ರೀತಿ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ರೀತಿ ಇದ್ದರೆ ಅಲ್ಲೇ ನಿಲ್ಲುತ್ತದೆ. ನಮ್ಮವರ ಹೆಸರುಗಳಲ್ಲಿ ಇದು ಎಷ್ಟು ಸಾಮಾನ್ಯ ಎಂದು ನಿಮಗೆ ಹೇಳಬೇಕಿಲ್ಲ.

ನಾಲ್ಕನೆಯದು ಇವುಗಳ ನಡುವಿನ ದಾರಿ. ಇಲ್ಲಿ ಸುಡಿಸಿ, ಬೂದಿಯನ್ನು ಊರಿಗೆ ಒಯ್ದು, ನಿಮ್ಮ ಹೊಲದಲ್ಲಿ ಹಿರಿಯರ ಸಮಾಧಿಗಳ ಪಕ್ಕ ವಿಭೂತಿ, ಬಿಲ್ವಪತ್ರೆಯ ಜೊತೆ ಹೂಳುವುದು. ಪೂರ್ತಿ ದೇಹ ಸುಟ್ಟರೆ 2ರಿಂದ 3 ಕೆ.ಜಿ. ಬೂದಿ ಬರುತ್ತದೆ, 15 ವರ್ಷ ಮಣ್ಣಿನಲ್ಲಿದ್ದದ್ದಕ್ಕೆ ಅದಕ್ಕಿಂತ ಕಡಿಮೆ. ಕೈಚೀಲದಲ್ಲಿ ಹಿಡಿಯುತ್ತದೆ. ಲೋಹದ ಡಬ್ಬಿ ಬೇಡ, ಎಕ್ಸ್‌ರೇಯಲ್ಲಿ ಒಳಗೇನಿದೆ ಎಂದು ಕಾಣದೆ ತಡೆಯುತ್ತಾರೆ. ಮರದ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿ ಇರಲಿ. ಮರಣ ಪ್ರಮಾಣಪತ್ರ, ದಹನದ ಪ್ರಮಾಣಪತ್ರ ಕೈಯಲ್ಲೇ ಇರಲಿ. ಹೊರಡುವ ಮೊದಲು ಭಾರತದ ಹೈಕಮಿಷನ್ ಕಚೇರಿಯಲ್ಲಿ ಮತ್ತು ವಿಮಾನ ಕಂಪನಿಯಲ್ಲಿ ಏನೇನು ಬೇಕೆಂದು ಕೇಳಿ ಬರೆದುಕೊಳ್ಳಿ. ಇದರ ಕಷ್ಟ ಕಾಗದದಲ್ಲಿಲ್ಲ, ಮನಸ್ಸಿನಲ್ಲಿದೆ: ಒಂದು ಸಲವಾದರೂ ಬೆಂಕಿ ಮುಟ್ಟುತ್ತದೆ. ನನ್ನನ್ನು ಕೇಳಿದರೆ ನಾನು ಇದನ್ನೇ ಆರಿಸುತ್ತೇನೆ, ಯಾಕೆಂದರೆ ಕೊನೆಗೆ ಅಪ್ಪ ಮಣ್ಣಿಗೇ ಹೋಗುತ್ತಾರೆ, ಅದೂ ಯಾರೂ ಅವಧಿ ಹಾಕದ ಮಣ್ಣಿಗೆ. ಆದರೆ ಆ ಬೆಂಕಿಯನ್ನು ಒಪ್ಪುವುದು ಬಿಡುವುದು ನಿಮ್ಮ ಅವ್ವನ ಹಕ್ಕು, ನನ್ನದಲ್ಲ.

ಸಮುದ್ರಕ್ಕೆ ಬಿಡುವುದು, 2021ರಲ್ಲಿ ಚೋವಾ ಚೂ ಕಾಂಗ್‌ನಲ್ಲಿ ತೆರೆದ ತೋಟದಲ್ಲಿ ಬೂದಿ ಚೆಲ್ಲುವುದು, ಇವೂ ಇವೆ. ಹೆಸರು ಇರುವುದಿಲ್ಲ, ಗುರುತು ಇರುವುದಿಲ್ಲ. ಕಲ್ಲಿನ ಬಗ್ಗೆ ಇಷ್ಟು ಕೇಳಿದ ನಿಮಗೆ ಇವು ಹೊಂದುವುದಿಲ್ಲ.

ಆ ಕಲ್ಲಿನ ವಿಷಯಕ್ಕೆ ಬರೋಣ. ಬುಕಿಟ್ ಬ್ರೌನ್ ಉಳಿಯಿತು ಎಂದು ನೀವು ತಿಳಿದಂತಿದೆ. ಅರ್ಧ ಮಾತ್ರ ನಿಜ. 1922ರಲ್ಲಿ ತೆರೆದು 1973ರಲ್ಲಿ ಮುಚ್ಚಿದ ಆ ಸ್ಮಶಾನದಲ್ಲಿ ಸುಮಾರು ಒಂದು ಲಕ್ಷ ಗೋರಿಗಳಿವೆ. ಕುಲ, ಭಾಷೆ ನೋಡದೆ ಎಲ್ಲ ಚೀನೀಯರಿಗೂ ಜಾಗ ಕೊಟ್ಟ ನಗರಸಭೆಯ ಸ್ಮಶಾನ ಅದು. ಸಿಂಗಾಪುರದ ಮೊದಲ ಪ್ರಧಾನಿ ಲೀ ಕ್ವಾನ್ ಯೂ ಅವರ ಅಜ್ಜ ಅಲ್ಲಿದ್ದಾರೆ. ಓಂಗ್ ಸ್ಯಾಮ್ ಲಿಯಾಂಗ್ ಎಂಬ ವ್ಯಾಪಾರಿಯ ಒಂದೇ ಗೋರಿ 600 ಚದರ ಮೀಟರ್ ಇದೆ! ಕೆಲವು ಚೀನೀ ಗೋರಿಗಳ ಮುಂದೆ ಪೇಟ ಸುತ್ತಿದ ಸಿಖ್ ಕಾವಲುಗಾರರ ಕಲ್ಲಿನ ಬೊಂಬೆಗಳು ನಿಂತಿವೆ. ಆ ಕಾಲದ ಸಾಹುಕಾರರ ಮನೆ ಬಾಗಿಲಲ್ಲಿ ಸಿಖ್ಖರು ನಿಲ್ಲುತ್ತಿದ್ದರು, ಸತ್ತಮೇಲೂ ಅವರೇ ಬೇಕಾಯಿತು. ನಾನು ಮೊದಲ ಸಲ ನೋಡಿದಾಗ ಕಾಡಿನ ನಡುವೆ ನಮ್ಮ ಕಡೆಯವರು ಸಿಕ್ಕಂತೆ ಖುಷಿಯಾಗಿತ್ತು.

2011ರಲ್ಲಿ ಅದರ ನಡುವೆ ರಸ್ತೆ ಎಂದರು. ಸ್ವಯಂಸೇವಕರು ಗುಂಪು ಕಟ್ಟಿಕೊಂಡು ವಾರ ವಾರ ಜನರನ್ನು ಕರೆದೊಯ್ದು ತೋರಿಸಿದರು. ಜಗತ್ತಿನ ಅಪಾಯದಲ್ಲಿರುವ ತಾಣಗಳನ್ನು ಗುರುತಿಸುವ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್‌ನ 2014ರ ಪಟ್ಟಿಯಲ್ಲಿ ಹೆಸರು ಬಂತು. ಆದರೂ ನಾಲ್ಕು ಸಾವಿರದ ಆಸುಪಾಸು ಗೋರಿಗಳು ಹೋದವು, 2018ರಲ್ಲಿ ಲಾರ್ನಿ ಹೆದ್ದಾರಿ ಶುರುವಾಯಿತು. ಪಟ್ಟಿಗೆ ಸೇರಿದರೆ ಗೌರವ ಸಿಗುತ್ತದೆ, ಕಾನೂನಿನ ರಕ್ಷಣೆ ಸಿಗುವುದಿಲ್ಲ. ಉಳಿದ ಭಾಗವೂ ಮುಂದೊಂದು ದಿನ ಮನೆಗಳಿಗೆ ಎಂದೇ ನಕ್ಷೆಯಲ್ಲಿದೆ. ಆ ಓಡಾಟದಿಂದ ಬಂದ ದೊಡ್ಡ ಲಾಭ ಬೇರೆ. ರಸ್ತೆಯ ದಾರಿಯಲ್ಲಿದ್ದ ಗೋರಿಗಳನ್ನು ತೆಗೆಯುವ ಮೊದಲು ಮಾನವಶಾಸ್ತ್ರಜ್ಞ ಹುಯಿ ಯೂ ಫೂಂಗ್ ಅವರ ತಂಡ ಅವನ್ನು ದಾಖಲಿಸಿತು. ಚೀನೀ ಗೋರಿಕಲ್ಲಿನಲ್ಲಿ ಬರೀ ಹೆಸರು ಇರುವುದಿಲ್ಲ. ಚೀನಾದಲ್ಲಿ ಅವರು ಬಿಟ್ಟುಬಂದ ಹಳ್ಳಿಯ ಹೆಸರು, ಮಕ್ಕಳು ಮೊಮ್ಮಕ್ಕಳ ಹೆಸರು ಎಲ್ಲ ಇರುತ್ತದೆ. ಎಷ್ಟೋ ಮನೆಗಳಿಗೆ ತಮ್ಮ ಮೂಲ ಊರು ಗೊತ್ತಾದದ್ದೇ ಆ ಕಲ್ಲಿನಿಂದ.

ಹಿಂದಿನ ಕಥೆಗಳು ಇದಕ್ಕಿಂತ ಮೌನ. ಬಿಶಾನ್ ಬಡಾವಣೆ ಇರುವುದು ಪೆಕ್ ಸಾನ್ ಥೆಂಗ್ ಸ್ಮಶಾನದ ಮೇಲೆ. ಬಿಶಾನ್ ಎಂದರೆ ಪೆಕ್ ಸಾನ್ ಎಂಬುದರ ಮ್ಯಾಂಡರಿನ್ ಉಚ್ಚಾರಣೆ, ಅಷ್ಟೇ. ಆರ್ಚರ್ಡ್ ರಸ್ತೆಯ ನೀ ಆನ್ ಸಿಟಿ ಮಾಲ್ ಇರುವ ಕಡೆ ದಕ್ಷಿಣ ಚೀನಾ ಮೂಲದ ತಿಯೋಚ್ಯೂ ಜನರ ಸ್ಮಶಾನ ಇತ್ತು. ಬಿದಾದರಿ ಸ್ಮಶಾನದಲ್ಲಿ, ಈ ಹೆಸರು ನಮ್ಮ ವಿದ್ಯಾಧರಿಯಿಂದಲೇ ಬಂದದ್ದು, 2001ರಿಂದ 2006ರವರೆಗೆ ಲಕ್ಷಕ್ಕೂ ಹೆಚ್ಚು ಗೋರಿ ತೆಗೆದು, ಕೆಲವೇ ಕೆಲವು ಕಲ್ಲುಗಳನ್ನು ಸ್ಮಾರಕ ತೋಟದಲ್ಲಿ ಇಟ್ಟರು. ಫೋರ್ಟ್ ಕ್ಯಾನಿಂಗ್‌ನಲ್ಲಿ ಗೋರಿಗಳು ಹೋದವು, ಅವುಗಳ ಫಲಕಗಳನ್ನು ಗೋಡೆಯಲ್ಲಿ ಕೂರಿಸಿದ್ದಾರೆ.

ಇದನ್ನೆಲ್ಲ ಹೇಳಿದ್ದು ಯಾಕೆಂದರೆ, ನಿಮ್ಮ ಅಪ್ಪನ ಗೋರಿ ಇದ್ದಲ್ಲೇ ಉಳಿಯುವ ಸಾಧ್ಯತೆ ಇಲ್ಲ. ಅದಕ್ಕಾಗಿ ಅರ್ಜಿ ಬರೆಯುತ್ತ ತಿಂಗಳು ಕಳೆಯಬೇಡಿ. ಫಲಕ ಉಳಿಸಿಕೊಳ್ಳಬಹುದು, ದಾಖಲೆ ಉಳಿಸಬಹುದು.

ಫಲಕ ಸಣ್ಣದಲ್ವಾ? ಒಂದು ಅಡಿ ಉದ್ದ, ಮುಕ್ಕಾಲು ಅಡಿ ಅಗಲ, ಮುಕ್ಕಾಲು ಅಂಗುಲ ದಪ್ಪ ಇದ್ದರೆ ನಾಲ್ಕು ಕೆ.ಜಿ. ಒಳಗೇ ತೂಗುತ್ತದೆ. ನಮಗೆ ಬೇಕು ಎಂದು ಮುಂಚೆಯೇ ಬರೆದುಕೊಟ್ಟು, ಆ ದಿನ ಮಣ್ಣು ಮುಟ್ಟುವ ಮೊದಲು ಬಿಡಿಸಿಕೊಳ್ಳಲು ಅನುಮತಿ ಕೇಳಿ. ಸಿಮೆಂಟಿಗೆ ಅಂಟಿದ್ದರೆ ಮೂಲೆ ಮುರಿಯಬಹುದು, ಆ ಸಾಧ್ಯತೆಗೆ ತಯಾರಿರಿ.

ಬಿಡಿಸುವ ಮೊದಲು ಫೋಟೊ ತೆಗೆಯಿರಿ. ಬೆಳಗ್ಗೆ ಏಳೂವರೆ ಎಂಟರ ಹೊತ್ತಿಗೆ ಹೋಗಿ, ಬಿಸಿಲು ಓರೆಯಾಗಿ ಬೀಳುವಾಗ ಕೆತ್ತಿದ ಅಕ್ಷರ ಎದ್ದು ಕಾಣುತ್ತದೆ. ಮೋಡ ಇದ್ದರೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಹಿಡಿಯಿರಿ. ತೊಳೆಯಲು ಬರೀ ನೀರು, ಮೆತ್ತನೆಯ ಬ್ರಷ್. ತಂತಿ ಬ್ರಷ್, ಆಸಿಡ್, ಅಕ್ಷರಕ್ಕೆ ಸುಣ್ಣ ತುಂಬುವುದು ಯಾವುದೂ ಬೇಡ. ಫಲಕದ ಹತ್ತಿರದ ಫೋಟೊ ಎಲ್ಲರೂ ತೆಗೆಯುತ್ತಾರೆ. ಗೋರಿಯ ಸಂಖ್ಯೆ ಕಾಣುವ ಫೋಟೊ, ಅಕ್ಕಪಕ್ಕದ ಗೋರಿಗಳ ಸಮೇತ ದೂರದ ಫೋಟೊ ಮರೆಯುತ್ತಾರೆ. ನಾನೇ ಮರೆತವನು. ಕೆಲಸ ಕಲಿಯುವಾಗ ಒಂದು ಸಾಲಿನ ನಲವತ್ತು ಕಲ್ಲುಗಳ ಚಿತ್ರ ತೆಗೆದೆ, ಸಂಖ್ಯೆ ಬರೆದುಕೊಳ್ಳಲಿಲ್ಲ. ಎರಡು ತಿಂಗಳ ಮೇಲೆ ಹೋದರೆ ನೆಲ ಸಪಾಟಾಗಿತ್ತು. ಆ ನಲವತ್ತು ಚಿತ್ರ ಇನ್ನೂ ನನ್ನ ಬಳಿ ಇವೆ. ಯಾರವು, ಎಲ್ಲಿದ್ದವು, ಹೇಳುವವರಿಲ್ಲ.

ಆ ಚಿತ್ರಗಳ ಜೊತೆ ಎರಡು ಪುಟ ಬರೆಯಿರಿ. ಅಪ್ಪ ಯಾವಾಗ ಬಂದರು, ಯಾಕೆ ಬಂದರು, ಹೂಳುವಾಗ ಮಂತ್ರ ಹೇಳಿದವರು ಯಾರು, ಬಿಲ್ವಪತ್ರೆ ಎಲ್ಲಿಂದ ತಂದಿರಿ. ಒಂದು ಪ್ರತಿ ಮನೆಯಲ್ಲಿರಲಿ, ಒಂದನ್ನು ಇಲ್ಲಿನ ಕನ್ನಡ ಸಂಘಕ್ಕೆ ಕೊಡಿ. ಈ ನೆಲದ ಗೋರಿಗಳಲ್ಲಿ ಕನ್ನಡ ಅಕ್ಷರ ಕಾಣುವುದು ತೀರಾ ಅಪರೂಪ. ಮುಂದೆ ಸಿಂಗಾಪುರದ ಕನ್ನಡಿಗರ ಬಗ್ಗೆ ಬರೆಯುವವರಿಗೆ ಆ ಎರಡು ಪುಟವೇ ಆಧಾರ.

ಅವ್ವನಿಗೆ ಈ ವಾರವೇ ಹೇಳಿ. ವಯಸ್ಸಾದವರಿಗೆ ತಡೆಯಲು ಆಗುವುದಿಲ್ಲ ಎಂದು ಮಕ್ಕಳು ಮುಚ್ಚಿಡುತ್ತಾರೆ, ಆಮೇಲೆ ಯಾರೋ ನೆಂಟರ ಬಾಯಿಂದ ಗೊತ್ತಾಗುತ್ತದೆ. ಆಗ ಆಗುವ ನೋವು ಗೋರಿಯದ್ದಲ್ಲ, ತನ್ನನ್ನು ಕೇಳಲಿಲ್ಲ ಎನ್ನುವುದರದ್ದು. ಹೇಳುವಾಗ 'ಸರ್ಕಾರದವರು ಅಪ್ಪನ್ನ ತೆಗೀತಾರೆ' ಎಂದು ಶುರು ಮಾಡಬೇಡಿ. 'ಅಪ್ಪನ್ನ ಊರಿಗೆ ಕರಕೊಂಡು ಬರೋಣೇನವ್ವಾ' ಎಂದು ಕೇಳಿ ನೋಡಿ. ಬೇಡ ಎಂದರೆ ಬೇಡ. ಬೆಂಕಿಯ ಮಾತನ್ನು ಮಾತ್ರ ಮುಚ್ಚಿಡಬೇಡಿ.

ಕೊನೆಗೆ, ಪತ್ರದ ಜೊತೆ ನೀವು ಕಳಿಸಿದ ಫಲಕದ ಚಿತ್ರ ನೋಡಿದೆ. 'ಲಿಂಗೈಕ್ಯ' ಎಂಬಲ್ಲಿ ಯ ಒತ್ತು ಇಲ್ಲ, 'ಲಿಂಗೈಕ' ಎಂದಿದೆ. ಕೆತ್ತಿದವರಿಗೆ ಕನ್ನಡ ಗೊತ್ತಿಲ್ಲ, ನೀವು ಬರೆದುಕೊಟ್ಟ ಚೀಟಿಯಲ್ಲಿ ಆ ಒತ್ತು ಪೆನ್ನು ಜಾರಿದ ಗೆರೆಯಂತೆ ಕಂಡಿರಬೇಕು. ಹೊಸ ಫಲಕ ಮಾಡಿಸಿದರೆ ಸರಿ ಮಾಡಿಸಿ. ಹಳೆಯದನ್ನು ತಿದ್ದಿಸಬೇಡಿ, ಬರೆದಿಡುವಾಗಲೂ ಇದ್ದದ್ದು ಇದ್ದ ಹಾಗೇ ಬರೆಯಿರಿ. 2009ರಲ್ಲಿ ಕನ್ನಡ ಬಾರದ ಒಬ್ಬ ಕುಶಲಿ, ಚೀಟಿ ನೋಡಿಕೊಂಡು ಒಂದೊಂದೇ ಅಕ್ಷರ ಕೆತ್ತಿದ್ದಕ್ಕೆ ಬೇರೆ ಯಾವ ಗುರುತೂ ಇಲ್ಲ.